ಸದ್ದು ಮಾಡದ ಗಂಟು

ಜೂನ್ ೮

ನನ್ನ ತಲೆಹರಟೆ ತಂಗಿಗೆ,

ನಿಮ್ಮನ್ನೆಲ್ಲ ಬಸ್ಸು ಹತ್ತಿಸಿ ಬಂದಾಗ ತರಬೇತಿ ಕೇಂದ್ರದ ಹಾಲ್ ಬಿಕೋ ಅನ್ನುತ್ತಿತ್ತು. ನೆಲದ ಮೇಲೆ ನಾವು ಎಳೆದಿದ್ದ ಸೀಮೆಸುಣ್ಣದ ಗಡಿ ಹಾಗೇ ಇತ್ತು. ಕಸ ಗುಡಿಸುವಾಕೆ ಅದನ್ನು ತುಳಿಯದೆ ಸುತ್ತಿ ಬಳಸಿ ಗುಡಿಸುತ್ತಿದ್ದಳು. "ಯಾಕಮ್ಮಾ, ಅಳಿಸಬಾರದಾ?" ಅಂದೆ. "ಆ ಗಣಿತದ ಮೇಷ್ಟ್ರನ್ನ ಊಟಕ್ಕೂ ಬಿಡದೆ ಅದರಾಚೆ ನಿಲ್ಲಿಸಿದ್ರಲ್ಲ, ನನ್ನನ್ನೂ ನಿಲ್ಲಿಸಿದ್ರೆ ಏನು ಗತಿ?" ಅಂದಳು. ನೋಡು, ನಾಟಕ ಅಂದರೆ ಇದೇ. ಗೆರೆ ಎಳೆದು ಗಡಿ ಅಂದರೆ ಅದು ಗಡಿಯಾಗಿಬಿಡುತ್ತದೆ.

ನಿಮ್ಮ ಶಾಲೆಯ ಆ ಮೇಷ್ಟ್ರು ನಿರಾಶ್ರಿತನ ಪಾತ್ರದಲ್ಲಿ ಕಾವಲುಗಾರನಿಗೆ ಕೈಮುಗಿದು, "ಸ್ವಾಮಿ, ಮೊದ್ಲು ಒಂದೊಂದು ಟೀ ಕುಡಿಯೋಣ, ಆಮೇಲೆ ನನ್ನನ್ನ ಆಚೆ ಹಾಕೋರಂತೆ" ಅಂದದ್ದನ್ನು ಇಲ್ಲಿ ಇನ್ನೂ ಹೇಳಿಕೊಂಡು ನಗುತ್ತಿದ್ದಾರೆ. ನೀನು ಮಾತ್ರ ತರಬೇತಿಯುದ್ದಕ್ಕೂ ಮೂಗು ಮುರಿದೆ. "ಪಾಠ ಮಾಡಿದ್ರೆ ಸಾಲ್ದಾ, ಕುಣಿದು ಬೇರೆ ತೋರಿಸ್ಬೇಕಾ?" ಅಂತ ಎಲ್ಲರೆದುರು ಕೇಳಿ ಅಕ್ಕನ ಮಾನ ಕಳೆದೆ. ಇರಲಿ. ಇದು ಎಲ್ಲರಿಗಿಂತ ಹೆಚ್ಚು ಬೇಕಾಗಿರುವುದು ನಿಮ್ಮ ಊರಿಗೇ. ಹೊಳೆಯಾಚೆಯಿಂದ ಓಡಿಬಂದವರ ಮಕ್ಕಳನ್ನು 'ಆಚೆಯವರು' ಅಂತ ಬೆಂಚಿನ ತುದಿಗೆ ತಳ್ಳುತ್ತಾರೆ ಅಂದವಳು ನೀನೇ ತಾನೆ? ಈಚೆಯ ಮಕ್ಕಳು ಒಂದು ಸಲ ತಾವೇ ಗಂಟು ಹೊತ್ತು ನೋಡಲಿ.

ಇದರ ಜೊತೆ ವೇಷದ ಪೆಟ್ಟಿಗೆಯಿಂದ ಒಂದು ಹಸಿರು ಮಫ್ಲರ್ ಕಳಿಸಿದ್ದೇನೆ. ನಿಯಮ ಮರೆತಿರುತ್ತೀಯ, ಅದಕ್ಕೇ ಮತ್ತೆ ಬರೆಯುತ್ತೇನೆ. ಮಫ್ಲರ್ ಕೊರಳಲ್ಲಿದ್ದರೆ ನೀನು ಪಾತ್ರ. ಆಗ ಗದರಿಸಬಹುದು, ತಡೆಯಬಹುದು, ಏನು ಸುಳ್ಳು ಬೇಕಾದರೂ ಹೇಳಬಹುದು. ಮಕ್ಕಳಿಗೆ ಇದು ಆಟ ಅಂತ ಗೊತ್ತಿರುತ್ತದೆ, ಹೆದರುವುದಿಲ್ಲ. ತೆಗೆದರೆ ನೀನು ಟೀಚರ್. ತೆಗೆದ ಮೇಲೆ ಒಂದೇ ಒಂದು ಸುಳ್ಳೂ ಹೇಳಕೂಡದು. ಮಕ್ಕಳು ಕೇಳಿದ್ದಕ್ಕೆಲ್ಲ ನಿಜವಾದ ಉತ್ತರ ಕೊಡಬೇಕು. ಈ ನಿಯಮ ಒಂದು ಸಲ ಮುರಿದರೂ ಮಕ್ಕಳು ನಿನ್ನನ್ನು ಮತ್ತೆ ನಂಬುವುದಿಲ್ಲ.

ಏನಾಯಿತು ಅಂತ ಬರಿ. ಬೈದುಕೊಂಡಾದರೂ ಮಾಡು.

ನಿನ್ನ ಅಕ್ಕ


ಜೂನ್ ೨೬

ಅಕ್ಕಾ,

ಮಫ್ಲರ್ ಬಂತು. ಅದರ ನುಸಿಗುಳಿಗೆ ವಾಸನೆಗೆ ಮೊದಲ ದಿನ ನನ್ನ ಐದನೇ ತರಗತಿಯವರು ಪಾತ್ರ ಮಾಡಿದ್ದಕ್ಕಿಂತ ಸೀನಿದ್ದೇ ಹೆಚ್ಚು. ಮನೆಯಿಂದ ಒಂದು ದುಪ್ಪಟಿ, ತಟ್ಟೆ, ಲೋಟ ತನ್ನಿ, ಗಂಟು ಕಟ್ಟಿ ಗಡಿ ದಾಟೋಣ ಅಂದೆ. ಡೆಸ್ಕುಗಳ ನಡುವೆ ಗೆರೆ ಎಳೆದು, ಮಫ್ಲರ್ ಸುತ್ತಿಕೊಂಡು ಕಾವಲುಗಾರಳಾದೆ. ಎಲ್ಲರೂ ಲಬೋ ಲಬೋ ಅಂತ ಎದೆ ಬಡಿದುಕೊಂಡು ಅತ್ತರು. ಅಳು ಒಂದು ಕಡೆ, ತಟ್ಟೆ ಲೋಟಗಳ ಗದ್ದಲ ಇನ್ನೊಂದು ಕಡೆ. ಪಕ್ಕದ ತರಗತಿಯಿಂದ ಗಣಿತದ ಮೇಷ್ಟ್ರು ಬಂದು, "ಏನ್ ಟೀಚರ್, ನಿರಾಶ್ರಿತರೋ ಪಾತ್ರೆ ಅಂಗ್ಡಿಯೋ?" ಅಂದರು. ನನ್ನ ಅಕ್ಕನಿಗೆ ಕೆಲಸವಿಲ್ಲ ಅಂತ ಮನಸ್ಸಿನಲ್ಲೇ ನಿನ್ನನ್ನು ಬೈದೆ.

ಮಾರನೆಯ ದಿನ ಒಂದು ಹುಡುಗಿ ಎದ್ದು ನಿಂತಳು. ಅವಳ ದನಿ ಎಷ್ಟು ಮೆಲ್ಲಗೆ ಅಂದರೆ ತರಗತಿಯವರೆಲ್ಲ ಅವಳನ್ನು ಪಿಸುಪುಟ್ಟಿ ಅನ್ನುತ್ತಾರೆ. ಕಿಟಕಿಗಳಿಗೆ ಗಾಜು ಕೂರಿಸುವವರ ಮಗಳು. ತಂದೆ ಮಗಳು ಇಬ್ಬರೇ. ಅವರು ಆಚೆಯವರಲ್ಲ, ಕೆಲಸಕ್ಕಾಗಿ ಬೇರೆ ಊರಿನಿಂದ ಬಂದವರು ಅಂತಲೇ ಎಲ್ಲರೂ ಅಂದುಕೊಂಡಿದ್ದೆವು.

"ಟೀಚರ್, ಗಂಟು ಹೀಗೆ ಕಟ್ಟಲ್ಲ" ಅಂದಳು. ತನ್ನ ಗಂಟು ಬಿಚ್ಚಿ ತಟ್ಟೆಗೂ ಲೋಟಕ್ಕೂ ನಡುವೆ ದುಪ್ಪಟಿಯ ಮಡಿಕೆ ತೂರಿಸಿದಳು. ಚಪ್ಪಲಿ ಬಿಚ್ಚಿ ಒಳಗಿಟ್ಟಳು. ಗಂಟನ್ನು ಹೊಟ್ಟೆಗೆ ಅವುಚಿ ಎರಡು ಸಲ ಹಾರಿದಳು. ಚೂರೂ ಸದ್ದಿಲ್ಲ. ದುಪ್ಪಟಿಯ ಒಂದು ತುದಿ ಮಾತ್ರ ಹೊರಗೆ ಬಿಟ್ಟಿದ್ದಳು. ಅದೇಕೆ ಅಂದೆ. "ಚಿಕ್ಕವರಿಗೆ ಚೀಪೋಕೆ. ಬಾಯಿ ತುಂಬಿದ್ರೆ ಅಳಲ್ಲ" ಅಂದಳು. ಆಮೇಲೆ ಉಳಿದವರ ಕಡೆ ತಿರುಗಿ, "ಯಾರೂ ಅಳಬಾರ್ದು. ಅತ್ರೆ ಕೇಳಿಸುತ್ತೆ" ಅಂದಳು.

ಅಕ್ಕಾ, ಆ ಮೇಲೆ ನನ್ನ ತರಗತಿ ಗೆರೆ ದಾಟಿದ ರೀತಿ ನೀನು ನೋಡಬೇಕಿತ್ತು. ಕಾವಲುಗಾರಳಾದ ನನಗೇ ಭಯವಾಯಿತು. ಮಫ್ಲರ್ ತೆಗೆದೆ. "ಟೀಚರ್, ಅವ್ರನ್ನೆಲ್ಲ ಒಳಗೆ ಬಿಟ್ರಾ?" ಅಂತ ಕೇಳಿದರು. ನಿಯಮ ನಿಯಮವೇ. "ಕೆಲವರನ್ನ ಬಿಟ್ರು, ಕೆಲವರನ್ನ ಬಿಡಲಿಲ್ಲ" ಅಂದೆ. ಊಟದ ಹೊತ್ತಿಗೆ ನೋಡಿದರೆ, ಆಚೆಯ ಮಕ್ಕಳನ್ನು ಯಾವಾಗಲೂ ತುದಿಗೆ ತಳ್ಳುವ ಬೆಂಚಿನವರು ತಾವಾಗಿ ಸರಿದು ಜಾಗ ಕೊಟ್ಟಿದ್ದರು. ಸೋತೆ ಮಾರಾಯ್ತಿ. ಅಕ್ಕನ ಚಾಳಿ ಮನೆಮಂದಿಗೆಲ್ಲ ಅನ್ನುವುದು ಸುಳ್ಳಲ್ಲ.

ಮೂಗು ಸರಿಮಾಡಿಕೊಂಡ ತಂಗಿ


ಜುಲೈ ೩

ಪುಟ್ಟೀ,

ನಿನ್ನ ಪತ್ರವನ್ನು ಕೇಂದ್ರದಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಾನು ಇಷ್ಟು ವರ್ಷ ಬಾಯಿ ಬಡಿದುಕೊಂಡದ್ದು ಇದನ್ನೇ. ಮಕ್ಕಳಿಗೆ ನಟನೆ ಕಲಿಸಬೇಡಿ, ಅವರಿಗೆ ಗೊತ್ತಿರುವುದನ್ನು ಮಾಡಲು ಬಿಡಿ. ಆಗಸ್ಟಿನಲ್ಲಿ ಜಿಲ್ಲಾ ಸಭಾಂಗಣದಲ್ಲಿ ಶಾಲೆಗಳ ಪ್ರದರ್ಶನ ಇಡುತ್ತಿದ್ದೇನೆ. ಮೇಲಿನವರೆಲ್ಲ ಬರುತ್ತಾರೆ. ನಿನ್ನ ತರಗತಿಯೇ ಮೊದಲು. ಆ ಹುಡುಗಿ ಗಂಟು ಕಟ್ಟುವುದನ್ನು ಒಂದು ಚೂರೂ ಬದಲಿಸಬೇಡ, ತಿದ್ದಲು ಹೋಗಬೇಡ.

ಹಿಗ್ಗಿ ಹೀರೇಕಾಯಿಯಾದ ಅಕ್ಕ


ಜುಲೈ ೧೯

ಅಕ್ಕಾ,

ಸ್ವಲ್ಪ ತೊಡಕಾಗಿದೆ. ನೀನೇ ದಾರಿ ಹೇಳು.

ನಮ್ಮ ತರಗತಿಯ ಒಂದು ಕಿಟಕಿಯ ಗಾಜು ಒಡೆದು ಬಹಳ ದಿನವಾಗಿತ್ತು. ನಿನ್ನೆ ಪಿಸುಪುಟ್ಟಿಯ ತಂದೆ ಅಳತೆ ತೆಗೆದುಕೊಳ್ಳಲು ಬಂದರು. ಮಕ್ಕಳೆಲ್ಲ ಹೊರಗೆ ಆಡುತ್ತಿದ್ದರು. ಚೌಕಟ್ಟಿನಲ್ಲಿ ಉಳಿದ ಚೂರುಗಳನ್ನು ಒಂದೊಂದಾಗಿ ಕಿತ್ತು ಕಾಗದದಲ್ಲಿ ಸುತ್ತಿಟ್ಟರು. ಆಮೇಲೆ ಬಾಗಿಲ ಕಡೆ ಒಂದು ಸಲ ನೋಡಿ ಹೇಳಿದರು:

"ಟೀಚರ್, ನನ್ನ ಮಗಳನ್ನ ಆ ಆಟದಿಂದ ಬಿಟ್ಬಿಡಿ."

"ಯಾಕೆ? ಎಷ್ಟು ಚೆನ್ನಾಗಿ ಮಾಡ್ತಾಳೆ ಗೊತ್ತಾ?"

"ಚೆನ್ನಾಗಿ ಮಾಡ್ತಾಳೆ. ತೊಂದ್ರೆ ಅದೇ."

ನನಗೆ ಆಗ ತಿಳಿಯಿತು ಅಕ್ಕಾ. ನೀನು ಓದಿದಾಗಲೇ ಊಹಿಸಿರುತ್ತೀಯ. ಅವರೂ ಆಚೆಯವರೇ. ಎಲ್ಲೂ ಹೇಳಿಕೊಂಡಿಲ್ಲ, ಆಚೆಯವರನ್ನು ಇರಿಸಿರುವ ಗೋದಾಮುಗಳಲ್ಲಿ ಉಳಿದವರ ಜೊತೆ ಇಲ್ಲ. ಹುಡುಗಿಯ ತಾಯಿ ಎಲ್ಲಿ ಅಂದೆ. "ದಾರೀಲಿ ಉಳಿದ್ಲು" ಅಂದರು, ಅಷ್ಟೇ. ನಾನು, ಪ್ರದರ್ಶನಕ್ಕೆ ಬರುವವರು ಒಳ್ಳೆಯವರು, ನೋಡಿದರೆ ಮನಸ್ಸು ಕರಗುತ್ತದೆ, ಒಳ್ಳೆಯದೇ ಆಗುತ್ತದೆ ಎಂದೆ. ಅವರು ಬರಿಯ ಚೌಕಟ್ಟಿನ ಮೇಲೆ ಬೆರಳಾಡಿಸುತ್ತ, "ಗಾಜು ಹಾಕಿಸ್ಕೊಂಡೋರು ಹೊರಗಿರೋದೆಲ್ಲ ಚೆನ್ನಾಗಿ ಕಾಣುತ್ತೆ ಅಂತ ಖುಷಿ ಪಡ್ತಾರೆ ಟೀಚರ್. ಹೊರಗೆ ನಿಂತವ್ರಿಗೆ ಒಳಗಿರೋದೂ ಕಾಣುತ್ತೆ" ಅಂದರು.

ಇನ್ನೊಂದು ಮಾತು. ಇಲಾಖೆಯಿಂದ ಸುತ್ತೋಲೆ ಬಂದಿದೆ. ಇನ್ನು ಮುಂದೆ 'ನಿರಾಶ್ರಿತರು' ಅಂತ ಬರೆಯಬಾರದಂತೆ, 'ತಾತ್ಕಾಲಿಕರು' ಅಂತ ಬರೆಯಬೇಕಂತೆ. ಹೆಡ್ ಮೇಡಂ ಅದನ್ನು ಓದಿ ಯಾರ ಮುಖವನ್ನೂ ನೋಡದೆ ಮಡಚಿಟ್ಟರು. ಆ ಪದ ನಿಮ್ಮಲ್ಲಿಂದ ಬಂದದ್ದೇ? ಹುಡುಗಿಯನ್ನು ಬಿಟ್ಟು ನಾಟಕ ಮಾಡಲೇ?

ತಂಗಿ


ಜುಲೈ ೨೩

ಪುಟ್ಟೀ,

ಅವಳನ್ನು ಬಿಟ್ಟರೆ ನಿನ್ನದು ಮತ್ತೆ ಪಾತ್ರೆ ಅಂಗಡಿಯೇ. ನಿಜ ಹೇಳುತ್ತೇನೆ, ಇಲ್ಲಿ ನಮ್ಮ ಯೋಜನೆಯನ್ನೇ ನಿಲ್ಲಿಸುವ ಮಾತು ನಡೆದಿದೆ. ಮುಂದಿನ ಸಾಲಿನಲ್ಲಿ ಕೂತವರ ಕಣ್ಣು ಒದ್ದೆಯಾದರೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಉಳಿದರೆ ಎಷ್ಟು ಶಾಲೆಗಳ ಎಷ್ಟು ಬೆಂಚುಗಳಲ್ಲಿ ಆ ಮಕ್ಕಳಿಗೆ ಜಾಗ ಸಿಗುತ್ತದೆ, ಯೋಚಿಸು. ನಾಟಕದಲ್ಲಿ ಗಂಟು ಕಟ್ಟಿದ ಮಾತ್ರಕ್ಕೆ ಯಾರು ಏನು ಮಾಡುತ್ತಾರೆ? ಆ ಮನುಷ್ಯನಿಗೆ ಸಮಾಧಾನ ಹೇಳು. ಇದು ಆಟ ಅಷ್ಟೇ ಅಂತ ಹೇಳು.

ಆ ಪದ ನಮ್ಮಲ್ಲಿಂದ ಬಂದದ್ದಲ್ಲ. ಮೇಲಿನಿಂದ ಬಂತು.

ಅಕ್ಕ


ಆಗಸ್ಟ್ ೧೭

ಅಕ್ಕಾ,

ಪ್ರದರ್ಶನ ಮುಗಿದ ಮೇಲೆ ನೀನು ದೊಡ್ಡವರ ಗುಂಪಿನಲ್ಲಿದ್ದೆ, ಮಾತಾಡಲು ಆಗಲಿಲ್ಲ. ನನ್ನನ್ನು ಒಮ್ಮೆ ಅಪ್ಪಿಕೊಂಡು ಓಡಿಹೋದೆ. ನೀನು ಬರೆದ ಹಾಗೆ ಇದು ಆಟ ಅಷ್ಟೇ ಅಂತ ಹೇಳಿಯೇ ಪಿಸುಪುಟ್ಟಿಯ ತಂದೆಯನ್ನು ಒಪ್ಪಿಸಿದ್ದೆ. ನೀನು ನೋಡದ್ದನ್ನು ಬರೆಯುತ್ತೇನೆ.

ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದಾಗ ಮುಂದಿನ ಸಾಲಿನಲ್ಲಿ ಬೂದು ಕೋಟಿನವರೊಬ್ಬರು ಮಾತ್ರ ಕಣ್ಣು ಮುಚ್ಚಿಕೊಂಡು ಕೂತಿದ್ದರು. ನಿದ್ದೆ ಅಂದುಕೊಂಡೆ. ಅಲ್ಲ. ಕಿವಿಗೊಟ್ಟಿದ್ದರು. ಮಕ್ಕಳು ಎಷ್ಟು ಅಭ್ಯಾಸ ಮಾಡಿದರೂ ಒಬ್ಬರದಲ್ಲ ಒಬ್ಬರ ಲೋಟ ಟಣ್ ಅನ್ನುತ್ತದೆ. ಪಿಸುಪುಟ್ಟಿ ಗೆರೆ ದಾಟಿದಾಗ ಮಾತ್ರ ಏನೂ ಕೇಳಿಸುವುದಿಲ್ಲ. ಆಗ ಅವರು ಕಣ್ಣು ತೆರೆದರು.

ಮುಗಿದ ಮೇಲೆ ವೇದಿಕೆಯ ಹಿಂದಕ್ಕೇ ಬಂದರು. ಬಹಳ ಮೆತ್ತಗಿನ ಮನುಷ್ಯ. ಮಕ್ಕಳ ತಲೆ ಸವರಿದರು. ಪಿಸುಪುಟ್ಟಿಯ ಗಂಟನ್ನು ಇಸಿದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿ, "ಭಲೇ! ಸದ್ದೇ ಇಲ್ವಲ್ಲ. ಯಾರು ಮರಿ ನಿಂಗೆ ಹೇಳ್ಕೊಟ್ಟಿದ್ದು?" ಅಂದರು. ಅವಳು ನನ್ನನ್ನು ನೋಡಿದಳು. ಮುಖವನ್ನಲ್ಲ, ನನ್ನ ಕೊರಳನ್ನು. ನಾನು ಮಫ್ಲರ್ ಆಗಲೇ ತೆಗೆದು ಮಡಚಿ ಕೈಯಲ್ಲಿ ಹಿಡಿದಿದ್ದೆ.

"ನೀವಾ ಟೀಚರ್ ಕಲಿಸಿದ್ದು?" ಅಂದರು.

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಸುತ್ತ ನನ್ನ ಮಕ್ಕಳೆಲ್ಲ ನಿಂತಿದ್ದರು, ಮಫ್ಲರ್ ಕೈಯಲ್ಲಿತ್ತು. ಹೆಮ್ಮೆಯೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ. "ಇಲ್ಲ ಸರ್, ನಾನೇನೂ ಕಲಿಸಿಲ್ಲ. ಅವಳಿಗೇ ಬರುತ್ತೆ" ಅಂದೆ. ಅವರು ನಕ್ಕು, ಗಂಟನ್ನು ಜೋಪಾನವಾಗಿ ಅವಳ ಕೈಗಿಟ್ಟು, ಅವಳ ತಂದೆ ಏನು ಕೆಲಸ ಮಾಡುತ್ತಾರೆ ಅಂತ ವಿಚಾರಿಸಿಕೊಂಡು ಹೋದರು.

ಬಸ್ಸಿನಲ್ಲಿ ಬರುವಾಗ ಹುಡುಗಿ ನನ್ನ ಪಕ್ಕದಲ್ಲೇ ಕೂತಿದ್ದಳು. ದಾರಿಯುದ್ದಕ್ಕೂ ಗಂಟನ್ನು ಹೊಟ್ಟೆಗೆ ಅವುಚಿಕೊಂಡಿದ್ದಳು. ಆ ಬೂದು ಕೋಟಿನವರು ಯಾರು ಅಕ್ಕಾ?

ತಂಗಿ


ಆಗಸ್ಟ್ ೨೫

ಪುಟ್ಟೀ,

ಯೋಜನೆ ಉಳಿಯಿತು! ಉಳಿದದ್ದಷ್ಟೇ ಅಲ್ಲ, ಎಲ್ಲ ಜಿಲ್ಲೆಗಳಿಗೂ ಹೋಗುತ್ತಿದೆ. ನೀನು ಸುಮ್ಮನೆ ಹೆದರುವ ಆ ಬೂದು ಕೋಟಿನವರೇ ಪಟ್ಟು ಹಿಡಿದು ಉಳಿಸಿದ್ದು. ವಸತಿ ವಿಭಾಗದವರು. ಮಫ್ಲರಿನ ನಿಯಮವನ್ನು ಎರಡು ಸಲ ಕೇಳಿ ತಿಳಿದುಕೊಂಡರು. ನನ್ನಿಂದ ಒಂದು ಹೊಸ ಕೈಪಿಡಿ ಬರೆಸುತ್ತಿದ್ದಾರೆ: ಮಕ್ಕಳನ್ನು ಗಾಬರಿಪಡಿಸದೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಲು ಟೀಚರುಗಳು ನಾಟಕವನ್ನು ಬಳಸುವುದು ಹೇಗೆ ಅಂತ. ಬೆಂಕಿ, ನೆರೆ ಬಂದರೆ ಬೇಕಾಗುತ್ತದಲ್ಲ. ನನಗೆ ಸ್ವಂತ ಕೋಣೆ ಕೊಟ್ಟಿದ್ದಾರೆ, ಕಿಟಕಿ ಕೂಡ ಇದೆ. ಅಪ್ಪ ಇದ್ದಿದ್ದರೆ ಇಡೀ ಬೀದಿಗೆ ಹೇಳಿಕೊಂಡು ಬರುತ್ತಿದ್ದರು.

ಅಕ್ಕ


ಸೆಪ್ಟೆಂಬರ್ ೨೧

ಅಕ್ಕಾ,

ನಿನ್ನ ಕಿಟಕಿಯ ವಿಷಯ ಓದಿದೆ. ನನ್ನ ತರಗತಿಯ ಕಿಟಕಿಗೆ ರಟ್ಟು ಹೊಡೆದಿದ್ದೇವೆ.

ಗಾಜಿನವರು ಹೋದ ಸೋಮವಾರ ಹೊಸ ಗಾಜು ತಂದರು. ಚೌಕಟ್ಟಿನ ಒಂದು ಬದಿಗೆ ಗಾಜು ಅಂಟಿಸುವ ಪುಟ್ಟಿ ಮೆತ್ತಿದ್ದರು, ಅಷ್ಟರಲ್ಲಿ ಇಬ್ಬರು ಬಂದು, ದಾಖಲೆಯಲ್ಲಿ ಏನೋ ಚಿಕ್ಕ ತಿದ್ದುಪಡಿ, ಕಚೇರಿಗೆ ಬಂದು ಹೋಗಿ ಅಂದರು. "ಪುಟ್ಟಿ ಒಣಗಿಬಿಡುತ್ತೆ, ಇದೊಂದು ಮುಗಿಸ್ತೀನಿ" ಅಂದರು ಪಾಪ. ಬಿಡಲಿಲ್ಲ. ಗಾಜು ಗೋಡೆಗೆ ಒರಗಿಕೊಂಡೇ ಇದೆ. ಅವರು ವಾಪಸು ಬಂದಿಲ್ಲ. ಕಚೇರಿಯಲ್ಲಿ ವಿಚಾರಿಸಿದರೆ, "ತಾತ್ಕಾಲಿಕರ ವಿಷಯ ಇಲ್ಲಿ ಹೇಳೋಕಾಗಲ್ಲ" ಅನ್ನುತ್ತಾರೆ. ಅವರು ಆಚೆಯವರು ಅಂತ ಇವರಿಗೆ ಹೇಗೆ ತಿಳಿಯಿತು? ನನಗೂ ನಿನಗೂ ಗೊತ್ತು ಹೇಗೆ ಅಂತ. ಮಾಡಿದ್ದುಣ್ಣೋ ಮಹರಾಯ ಅನ್ನೋಣ ಅಂದರೆ, ಮಾಡಿದವರು ನಾವು, ಉಣ್ಣುತ್ತಿರುವವರು ಅವರು.

ಹುಡುಗಿ ನನ್ನ ಮನೆಯಲ್ಲಿದ್ದಾಳೆ. ಅಳುವುದಿಲ್ಲ. ಹಾಸಿಗೆ ಪಕ್ಕದಲ್ಲಿ ಗಂಟು ಕಟ್ಟಿಟ್ಟುಕೊಂಡು ಮಲಗುತ್ತಾಳೆ. ಬಿಚ್ಚಿಡೇ ಅಂದರೆ ಹೂಂ ಅನ್ನುತ್ತಾಳೆ, ಬಿಚ್ಚುವುದಿಲ್ಲ.

ನೀನು ಬರೆಯುತ್ತಿರುವ ಕೈಪಿಡಿ ಯಾರಿಗೆ ಅಕ್ಕಾ? ಬೆಂಕಿ ಎಲ್ಲಿ ಬೀಳುತ್ತಿದೆ? ಅವಳ ತಂದೆ ಎಲ್ಲಿದ್ದಾರೆ ಅಂತ ಆ ಬೂದು ಕೋಟಿನವರನ್ನು ಕೇಳಿ ತಿಳಿಸು. ಬೇರೇನೂ ಬರೆಯಬೇಡ, ಅದೊಂದು ಬರಿ.

ತಂಗಿ


ಅಕ್ಟೋಬರ್ ೧೮

ಅಕ್ಕಾ,

ನಿನ್ನ ಪತ್ರ ಬಂದಿಲ್ಲ. ಅಂಚೆಯವನನ್ನು ದಿನಾ ಕೇಳಿ ಕೇಳಿ ಅವನು ಈಗ ನಮ್ಮ ಬೀದಿಯಲ್ಲಿ ಸೈಕಲ್ಲು ಜೋರಾಗಿ ತುಳಿಯುತ್ತಾನೆ. ಗೋದಾಮುಗಳ ಸುತ್ತ ಹೊಸದಾಗಿ ಬೇಲಿ ಹಾಕುತ್ತಿದ್ದಾರೆ. ಕಳ್ಳರ ಕಾಟಕ್ಕಂತೆ. ಬಾಗಿಲು ಮಾತ್ರ ಹೊರಗಿನಿಂದ ಚಿಲಕ ಹಾಕುವ ಹಾಗಿದೆ.

ಬೈಯುವುದಾದರೂ ಬೈ, ಬರಿ.

ತಂಗಿ


ನವೆಂಬರ್ ೨

ಸಹೋದರಿಯವರಿಗೆ,

ನಿಮ್ಮ ಪತ್ರಗಳು ತಲುಪಿವೆ. ನಾನು ಕ್ಷೇಮವಾಗಿದ್ದೇನೆ. ನೀವು ವಿಚಾರಿಸಿದ ವಿಷಯ ನಮ್ಮ ವಿಭಾಗಕ್ಕೆ ಸಂಬಂಧಿಸಿದ್ದಲ್ಲ. ಕೈಪಿಡಿ ಮುದ್ರಣವಾಗಿದ್ದು, ಶೀಘ್ರದಲ್ಲೇ ತಮ್ಮ ಶಾಲೆಗೂ ಬರಲಿದೆ. ಅದರಲ್ಲಿ ಹೇಳಿದಂತೆ ನಡೆದುಕೊಳ್ಳಬೇಕಾಗಿ ಕೋರುತ್ತೇನೆ. ನಮ್ಮ ಕಚೇರಿಯಿಂದ ಹೋಗುವ ಪತ್ರಗಳನ್ನು ಈಗ ಒಂದೇ ಮೇಜಿನ ಮೂಲಕ ಕಳಿಸುವ ವ್ಯವಸ್ಥೆ ಆಗಿದೆ. ಆದ್ದರಿಂದ ತಡವಾದರೆ ಅನ್ಯಥಾ ಭಾವಿಸಬಾರದು.

ಇಂತು ತಮ್ಮ ವಿಶ್ವಾಸಿ


ನವೆಂಬರ್ ೨೯

ಪುಟ್ಟೀ, ನನ್ನ ಪುಟ್ಟೀ,

ಇದನ್ನು ನಿಮ್ಮ ಗಣಿತದ ಮೇಷ್ಟ್ರ ಕೈಯಲ್ಲೇ ಕಳಿಸುತ್ತಿದ್ದೇನೆ. ಕೈಪಿಡಿಯ ತರಬೇತಿಗೆ ಅಂತ ಅವರನ್ನು ಇಲ್ಲಿಗೆ ಕರೆಸಿದ್ದರು. ಓದಿ ಒಲೆಗೆ ಹಾಕು. ಹೋದ ಪತ್ರವನ್ನು ಬರೆಯುವಾಗ ಒಬ್ಬರು ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ನಿನಗೆ 'ತಮ್ಮ' ಅಂತ ಬರೆದದ್ದು ಬದುಕಿನಲ್ಲಿ ಅದೇ ಮೊದಲು.

ಬುಧವಾರ ಬೆಳಿಗ್ಗೆ, ಮೊದಲ ಗಂಟೆ ಹೊಡೆದ ಮೇಲೆ, ನಿಮ್ಮ ಶಾಲೆಗೆ ವ್ಯಾನುಗಳು ಬರುತ್ತವೆ. ಆಚೆಯ ಮಕ್ಕಳನ್ನೆಲ್ಲ ಕರೆದೊಯ್ಯುತ್ತಾರೆ. ತಾಯಿತಂದೆಯರು ಕೆಲಸಕ್ಕೆ ಹೋದ ಹೊತ್ತನ್ನೇ ಆರಿಸಿಕೊಂಡಿದ್ದಾರೆ. ಮಕ್ಕಳು ಮೊದಲು ಹೋದರೆ ದೊಡ್ಡವರು ಬಾಯಿ ಮುಚ್ಚಿಕೊಂಡು ತಾವಾಗಿಯೇ ಹಿಂದೆ ಬರುತ್ತಾರೆ ಅನ್ನುವುದು ಅವರ ಲೆಕ್ಕ. ಎಲ್ಲಿಗೆ ಅಂತ ಕೇಳಿದೆ. "ತಾತ್ಕಾಲಿಕರು ಇನ್ನೆಲ್ಲಿಗೆ ಹೋಗ್ತಾರೆ?" ಅಂದರು. ಗಾಜಿನವರನ್ನು ಕಳಿಸಿದ್ದೂ ಅಲ್ಲಿಗೇ. ಅಲ್ಲಿಂದ ಒಬ್ಬರೂ ಪತ್ರ ಬರೆದಿಲ್ಲ.

ಆದೇಶದಲ್ಲಿ ನನ್ನದೇ ವಾಕ್ಯಗಳಿವೆ. 'ಟೀಚರು ಮಫ್ಲರ್ ಧರಿಸತಕ್ಕದ್ದು. ಇದು ಆಟವೆಂದು ಮಕ್ಕಳಿಗೆ ತಿಳಿಸತಕ್ಕದ್ದು. ಗಂಟು ಕಟ್ಟಿಸಿ ಸಾಲಾಗಿ ಗೇಟಿನವರೆಗೆ ಕರೆತರತಕ್ಕದ್ದು. ಮಕ್ಕಳು ವ್ಯಾನು ಹತ್ತುವ ತನಕ ಮಫ್ಲರ್ ತೆಗೆಯತಕ್ಕದ್ದಲ್ಲ.' ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡರು ಅನ್ನುತ್ತಾರಲ್ಲ, ನಾನು ಹಗ್ಗ ಕೊಟ್ಟೆ, ಕಟ್ಟಿಸಿಕೊಳ್ಳುವ ಕೈ ಆ ಮಕ್ಕಳದು. ಅವರು ನಮ್ಮನ್ನು ನಂಬುತ್ತಾರೆ ಪುಟ್ಟೀ. ಅದಕ್ಕಾಗಿಯೇ ನಮ್ಮನ್ನು ಆರಿಸಿಕೊಂಡದ್ದು.

ಏನು ಮಾಡು ಅಂತ ನಾನು ಹೇಳುವುದಿಲ್ಲ. ಹೇಳಿ ಹೇಳಿ ಇಲ್ಲಿಗೆ ಬಂದಿದ್ದೇವೆ. ನಿನಗೆ ತಿಳಿದದ್ದನ್ನು ಮಾಡು. ನನ್ನ ಬಗ್ಗೆ ಯೋಚಿಸಬೇಡ.

ಅಕ್ಕ


ಡಿಸೆಂಬರ್, ಬುಧವಾರ ಕಳೆದು ಮಾರನೆಯ ದಿನ

ಅಕ್ಕಾ,

ಊರಿನ ಹೆಸರು ಬರೆಯುವುದಿಲ್ಲ. ಇಲ್ಲಿಗೆ ಹಾಲಿನ ವ್ಯಾನಿನವನೊಬ್ಬ ಬರುತ್ತಾನೆ. ಪತ್ರ ಕೊಟ್ಟರೆ ಬೇರೆ ಊರಿನ ಡಬ್ಬಿಗೆ ಹಾಕುತ್ತೇನೆ ಅಂದಿದ್ದಾನೆ. ಅದು ನಿನ್ನ ಕೈಗೆ ಬರುತ್ತದೋ ಆ ಮೇಜಿನ ಮೇಲೆ ಉಳಿಯುತ್ತದೋ ಗೊತ್ತಿಲ್ಲ. ಉಳಿದರೂ ಉಳಿಯಲಿ.

ಮಂಗಳವಾರವೇ ಗೋದಾಮುಗಳಿಗೆ ಹೋಗಿ ಬೇಲಿಯ ಈಚೆ ನಿಂತು ತಾಯಂದಿರಿಗೆ ಹೇಳಿದೆ. ಒಬ್ಬರೂ ಚೀರಲಿಲ್ಲ. ಬೆಳಿಗ್ಗೆ ಮಕ್ಕಳನ್ನು ಗಂಟು ಕಟ್ಟಿಯೇ ಶಾಲೆಗೆ ಕಳಿಸಿದರು. ಮುಟ್ಟಿ ನೋಡಿದೆ. ಎಲ್ಲದರಲ್ಲೂ ತಟ್ಟೆಗೂ ಲೋಟಕ್ಕೂ ನಡುವೆ ಬಟ್ಟೆ ಇತ್ತು.

ವ್ಯಾನುಗಳು ಹೇಳಿದ ಹೊತ್ತಿಗೇ ಬಂದವು. ನಾನು ಮಫ್ಲರ್ ಸುತ್ತಿಕೊಂಡೆ. ಇಲಾಖೆಯ ಆದೇಶವನ್ನು ಒಂದಕ್ಷರ ಬಿಡದೆ ಪಾಲಿಸಿದೆ ನೋಡು. ಈಚೆಯ ಮಕ್ಕಳನ್ನು ಗಣಿತದ ಮೇಷ್ಟ್ರು ಮುಂದಿನ ಹಾಲ್‌ನಲ್ಲಿ ಸೇರಿಸಿಕೊಂಡರು. ಕೊರಳಿಗೆ ತಮ್ಮ ಕರ್ಚೀಫು ಕಟ್ಟಿಕೊಂಡಿದ್ದರು. "ಇವತ್ತು ಯಾರ ಗಂಟು ಹೆಚ್ಚು ಸದ್ದು ಮಾಡುತ್ತೋ ಅವ್ರೇ ಗೆದ್ದಂಗೆ!" ಅಂದರು. ಅಯ್ಯಬ್ಬಾ, ಆ ಗದ್ದಲ! ಗೇಟಿನಲ್ಲಿ ನಿಂತವರಿಗೆ ಒಳಗೆ ಎಲ್ಲ ತಮ್ಮ ಕೈಪಿಡಿಯ ಹಾಗೇ ನಡೆಯುತ್ತಿದೆ ಅನ್ನಿಸಿರಬೇಕು. ಆ ಸದ್ದಿನಲ್ಲಿ ನಾನೂ ಆಚೆಯ ಮಕ್ಕಳೆಲ್ಲರೂ ಪಂಪಿನ ಮನೆ ಬಳಸಿ ಹಿಂಬಾಗಿಲಿನಿಂದ ಹೊರಬಿದ್ದೆವು. ಕೊನೆಗೆ ನನ್ನ ಕಿವಿಗೆ ಬಿದ್ದದ್ದು ಮೇಷ್ಟ್ರ ದನಿ. ಹಾಲ್‌ನಿಂದ ಗೇಟಿಗೆ ಬಂದು ಹೇಳುತ್ತಿದ್ದರು: "ಸ್ವಾಮಿ, ಮಕ್ಕಳು ಗಂಟು ಕಟ್ಟೋಷ್ಟ್ರಲ್ಲಿ ಮೊದ್ಲು ಒಂದೊಂದು ಟೀ ಕುಡಿಯೋಣ ಬನ್ನಿ." ಅವರಿಗೆ ಆಮೇಲೆ ಏನಾಯಿತೋ ತಿಳಿಯದು. ತಿಳಿದರೆ ಹೇಗಾದರೂ ತಿಳಿಸು.

ಈಗ ಒಂದು ಮುಚ್ಚಿದ ಕಾರ್ಖಾನೆಯಲ್ಲಿದ್ದೇವೆ. ಎತ್ತರದ ಕಿಟಕಿಗಳು, ಒಂದಕ್ಕೂ ಗಾಜಿಲ್ಲ. ವಿಪರೀತ ಚಳಿ. ಮಕ್ಕಳು ಗೋಡೆಗೆ ಒತ್ತಿಕೊಂಡು ಕೂತಿದ್ದಾರೆ. ಯಾರೂ ಅತ್ತಿಲ್ಲ, ಮನೆಗೆ ಹೋಗಬೇಕು ಅಂದಿಲ್ಲ. ಆಟ ಇಷ್ಟು ಉದ್ದ ಯಾವತ್ತೂ ನಡೆದಿರಲಿಲ್ಲ ಅಂತ ಕೆಲವರಿಗೆ ಖುಷಿಯೇ ಆಗಿದೆ. ಆದರೆ ಬೆಳಿಗ್ಗೆಯಿಂದ ನನ್ನ ಕೊರಳನ್ನೇ ನೋಡುತ್ತಿದ್ದಾರೆ. ಇಷ್ಟರಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, ಯಾವಾಗ ತೆಗೆಯುತ್ತೀರಿ ಅಂತ. ತೆಗೆದ ಮೇಲೆ ಸುಳ್ಳು ಹೇಳಕೂಡದು. ನಾನು ಯಾವ ನಿಜ ಹೇಳಲಿ ಅಕ್ಕಾ?

ಇನ್ನು ತಡೆಯಲಾರೆ, ತೆಗೆದು ಎಲ್ಲ ಹೇಳಿಬಿಡೋಣ ಅಂತ ಸ್ವಲ್ಪ ಹೊತ್ತಿನ ಹಿಂದೆ ಕೈ ಕೊರಳಿಗೆ ಹೋಯಿತು. ಪಿಸುಪುಟ್ಟಿ ಎಲ್ಲರಿಗಿಂತ ಚಿಕ್ಕದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅದರ ಬಾಯಿಗೆ ದುಪ್ಪಟಿಯ ತುದಿ ಕೊಟ್ಟಿದ್ದಳು. ಅದನ್ನು ಮೆಲ್ಲಗೆ ಕೆಳಗಿಳಿಸಿ, ಎದ್ದು ಬಂದು, ನನ್ನ ಕೈ ಹಿಡಿದುಕೊಂಡಳು.

"ತೆಗೀಬೇಡಿ ಟೀಚರ್. ಚಿಕ್ಕವ್ರಿಗೆ ಗೊತ್ತಾಗಿಬಿಡುತ್ತೆ."

"ನಿಂಗೆ ಗೊತ್ತಿತ್ತಾ?"

"ಆವಾಗ್ಲೂ ನಮ್ಮಮ್ಮ ಇದು ಆಟ ಅಂತಾನೇ ಹೇಳಿದ್ರು."

"ಅಮ್ಮ ನಿಜ ಯಾವಾಗ ಹೇಳಿದ್ರು?" ಅಂದೆ.

"ಹೇಳ್ಲಿಲ್ಲ" ಅಂದಳು. "ಆಟ ಇನ್ನೂ ಮುಗಿದಿಲ್ಲ ಅಂದ್ಕೊಂಡೇ ನಾನು ನಡೆದೆ. ಅದಕ್ಕೇ ಬಂದು ಮುಟ್ಟಿದೆ."

ಆಮೇಲೆ ಚಿಕ್ಕವರ ಗಂಟು ಬಿಗಿಯಾಗಿದೆಯಾ ಅಂತ ಒಬ್ಬೊಬ್ಬರದೇ ನೋಡುತ್ತ ಹೋದಳು. ನಾನು ಮಫ್ಲರಿಗೆ ಇನ್ನೊಂದು ಸುತ್ತು ಹಾಕಿಕೊಂಡೆ. ನುಸಿಗುಳಿಗೆ ವಾಸನೆ ಇನ್ನೂ ಹೋಗಿಲ್ಲ.

ಹೊರಗೆ ಗಾಡಿಯೊಂದು ನಿಂತಿತು. ಹಾಲಿನ ವ್ಯಾನೇ ಇರಬೇಕು. ಪತ್ರ ಮಡಚುತ್ತೇನೆ. ಮಕ್ಕಳೆಲ್ಲ ಗಂಟು ಅವುಚಿಕೊಂಡು ಎದ್ದು ನಿಂತಿದ್ದಾರೆ, ಒಂದರಲ್ಲೂ ಸದ್ದಿಲ್ಲ.

ನಿನ್ನ ತಂಗಿ